ವಿದ್ಯುತ್ ಕಾರು ಉಣಲೊಲ್ಲೆನೆಂದಾಗ

ಜೇವರ್ಗಿಯ ವಾಚಕರೊಬ್ಬರು ಕಳೆದ ತಿಂಗಳು ನಮಗೊಂದು ಪತ್ರವನ್ನು ಬರೆದಿರುತ್ತಾರೆ. ಅವರು ಎರಡು ವರ್ಷಗಳ ಹಿಂದೆ ವಿದ್ಯುಚ್ಛಕ್ತಿಯಿಂದ ಓಡುವ ಕಾರೊಂದನ್ನು ಕೊಂಡರಂತೆ. ಈಗೊಂದು ತಿಂಗಳಿಂದ ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಚ್ಚಿದರೆ ಕೆಲವು ದಿನ ಚಾರ್ಜರಿನ ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತುವುದಂತೆ; ಕೆಲವು ದಿನ ಹಸುರು ಹತ್ತಿ, ನಡುರಾತ್ರಿಯಲ್ಲಿ ತಾನೇ ನಿಂತುಹೋಗುವುದಂತೆ. ತಿಳಿದವರೆನಿಸಿಕೊಂಡ ಒಬ್ಬರು, ಕಾರಿನ ಚಾರ್ಜಿಂಗ್ ಪೋರ್ಟೇ ಕೆಟ್ಟಿದೆ, ಅದನ್ನು ಇಡಿಯಾಗಿ ಬದಲಿಸತಕ್ಕದ್ದೆಂದು ಹೇಳಿ ದೊಡ್ಡದೊಂದು ಮೊತ್ತವನ್ನು ಸೂಚಿಸಿರುವರಂತೆ. "ಮಗಳ ಮದುವೆಯ ವರ್ಷ. ಈ ವೆಚ್ಚವನ್ನು ಮಾಡಲೋ ಬೇಡವೋ, ಮಾಸ್ತರರು ತಿಳಿಸಬೇಕು" ಎಂಬುದು ಅವರ ಪ್ರಶ್ನೆ.

ಮೂವತ್ತೆರಡು ವರ್ಷ ಆಳಂದದ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ವಿದ್ಯುತ್ತಿನ ಶಾಸ್ತ್ರದಲ್ಲಿ ಅಧಿಕಾರವೆಲ್ಲಿಯದು? ಆದರೆ ಮಗನು ಕೊಂಡು ತಂದ ಕಾರು ಕಳೆದ ವೈಶಾಖದಲ್ಲಿ ನಮ್ಮ ಅಂಗಳದಲ್ಲಿಯೇ ಇಂತಹುದೇ ಹಟವನ್ನು ಹಿಡಿದಿತ್ತು. ಆಗ ನಾವು ಪಟ್ಟ ಪಾಡು, ಮಾಡಿದ ತಪ್ಪು, ಕಲಿತ ಸಂಗತಿ, ಇವಿಷ್ಟೂ ವಾಚಕರಿಗೆ ಉಪಯೋಗವಾದೀತೆಂದು ಈ ಸಲದ ಬರಹವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಕರ್ಣಾಟಕಕ್ಕೆ ಇಂತಹ ಕಾರು ತೀರ ಹೊಸದೇನೂ ಅಲ್ಲ. ರೇವಾ ಎಂಬ ಪುಟ್ಟ ಕಾರು 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದು, ಮುಂದೆ ಜಿ-ವಿಜ್ ಎಂಬ ಹೆಸರಿನಿಂದ ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. ಅದನ್ನು ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿಗೆ ಚುಚ್ಚಿದರೆ ಸಾಕಾಗುತ್ತಿತ್ತು. ಈಗಿನ ಕಾರುಗಳು ಅಷ್ಟು ಸಾಧುವಲ್ಲ. ಉಣಬಡಿಸುವವನ ಕೈ ಶುದ್ಧವಾಗಿದೆಯೇ ಎಂದು ವಿಚಾರಿಸದೆ ತುತ್ತನ್ನು ಮುಟ್ಟುವವಲ್ಲ. ಈ ವಿಚಾರಣೆ ನಡೆಯುವ ಸ್ಥಳವೇ ಚಾರ್ಜಿಂಗ್ ಪೋರ್ಟು. ಆದುದರಿಂದ ಅದರೊಳಗೆ ಏನಿದೆ ಎಂಬುದನ್ನು ಮೊದಲು ನೋಡತಕ್ಕದ್ದು.

ಈ ದಿನ ನಮ್ಮ ದೇಶದಲ್ಲಿ ಮಾರಾಟವಾಗುವ ಹೆಚ್ಚಿನ ಕಾರುಗಳಲ್ಲಿರುವುದು ಟೈಪ್-2 ಎಂಬ ಮಾದರಿ. ಜರ್ಮನಿಯ ಮೆನ್ನೆಕೆಸ್ ಎಂಬ ಕಂಪನಿಯವರು 2009ರಲ್ಲಿ ಅದನ್ನು ರೂಪಿಸಿದರು. ಮುಚ್ಚಳವನ್ನು ತೆರೆದು ಬ್ಯಾಟರಿ ದೀಪ ಹಿಡಿದು ನೋಡಿದರೆ ಮೇಲ್ಭಾಗದಲ್ಲಿ ಏಳು ಕಡ್ಡಿಗಳ ಸ್ಥಾನಗಳೂ, ಕೆಳಗೆ ಎರಡು ದಪ್ಪ ಕಡ್ಡಿಗಳೂ ಕಾಣುವುವು. ಕೆಳಗಿನ ಎರಡು ಹೆದ್ದಾರಿಯ ತೀವ್ರ ಚಾರ್ಜಿಗಾಗಿ ಇರತಕ್ಕವು. ಮನೆಯಲ್ಲಿ ಅವಕ್ಕೆ ಕೆಲಸವಿಲ್ಲ. ಮೇಲಿನ ಏಳರಲ್ಲಿ ನಾಲ್ಕು ವಿದ್ಯುತ್ತನ್ನು ಒಯ್ಯುವಂಥವು. ಮನೆಯ ಒಂಟಿ ಫೇಸಿಗೆ ಅವುಗಳಲ್ಲಿ ಎರಡೇ ಸಾಕಾದುದರಿಂದ, ಕೆಲವು ಕಾರುಗಳಲ್ಲಿ ಉಳಿದೆರಡರ ಸ್ಥಾನ ಬರಿದಾಗಿಯೇ ಇರುವುದುಂಟು. ಅದನ್ನು ಕಂಡು ಕಡ್ಡಿ ಮುರಿದುಹೋಗಿದೆಯೆಂದು ಗಾಬರಿಯಾಗಬೇಕಾದುದಿಲ್ಲ. ನಟ್ಟನಡುವೆ ಇರುವುದು ಭೂಸಂಪರ್ಕದ ಕಡ್ಡಿ. ಎಲ್ಲಕ್ಕಿಂತ ಮೇಲೆ ಇರುವ ಎರಡು ಚಿಕ್ಕ ಕಡ್ಡಿಗಳು ವಿದ್ಯುತ್ತನ್ನು ಒಯ್ಯುವವಲ್ಲ, ಅವು ಮಾತನಾಡುವಂಥವು.

ಮಾತೆಂದರೆ ಹೀಗೆ. ಚಾರ್ಜರಿನ ಪೆಟ್ಟಿಗೆಯು ಒಂದು ಚಿಕ್ಕ ತಂತಿಯ ಮೇಲೆ ಹನ್ನೆರಡು ವೋಲ್ಟಿನ ಸಂಕೇತವನ್ನು ಹಿಡಿದು ಕಾದಿರುತ್ತದೆ. ಗನ್ನನ್ನು ಕಾರಿಗೆ ಸಿಕ್ಕಿಸಿದ ಕೂಡಲೆ ಕಾರು ಅದನ್ನು ಒಂಬತ್ತಕ್ಕೆ ಇಳಿಸುತ್ತದೆ. ಅದರ ಅರ್ಥ "ನಾನು ಬಂದಿದ್ದೇನೆ" ಎಂದು. ಆಗ ಪೆಟ್ಟಿಗೆಯು ಆ ಸಂಕೇತವನ್ನು ಸೆಕೆಂಡಿಗೆ ಸಾವಿರ ಬಾರಿ ಏರಿಳಿಸುತ್ತ, ಆ ಏರಿಳಿತದ ಲಯದಿಂದಲೇ ತಾನೆಷ್ಟು ಆಂಪಿಯರು ಕೊಡಬಲ್ಲೆನೆಂದು ತಿಳಿಸುತ್ತದೆ. ಕಾರು ಸಿದ್ಧವಾದಾಗ ಆರಕ್ಕೆ ಇಳಿಸುತ್ತದೆ. ಅನಂತರವೇ ಪೆಟ್ಟಿಗೆಯೊಳಗಿನ ಸ್ವಿಚ್ಚು ಕೂಡಿ ಊಟ ಪ್ರಾರಂಭ. ಈ ಮಾತುಕತೆಯ ವಿದ್ಯುತ್ತು ಹಿಂದಿರುಗಿ ಬರುವ ದಾರಿ ಯಾವುದೆಂದರೆ ಆ ನಡುವಿನ ಭೂಸಂಪರ್ಕದ ಕಡ್ಡಿಯೇ. ಸೇರಿಸುವಾಗ ಮೊದಲು ಸೇರುವುದೂ ತೆಗೆಯುವಾಗ ಕೊನೆಗೆ ಬಿಡುವುದೂ ಅದೇ. ಮಾತಿನ ಕಡ್ಡಿ ಕೊನೆಗೆ ಸೇರಿ ಮೊದಲು ಬಿಡುತ್ತದೆ. ಈ ಕ್ರಮವನ್ನು ಯೋಚಿಸಿದವನು ಯಾವನೋ, ನಿಜವಾಗಿಯೂ ಗೃಹಸ್ಥಧರ್ಮವನ್ನು ಬಲ್ಲವನು ಎಂದು ನಮಗೆ ಅನ್ನಿಸಿತು.

ಹೀಗಿರಲು ಕಾರು ಉಣಲೊಲ್ಲೆನೆಂದರೆ ದೋಷವು ನಾಲ್ಕು ಸ್ಥಳಗಳಲ್ಲಿ ಎಲ್ಲಿಯಾದರೂ ಇರಬಹುದು. ಮನೆಯ ಗೋಡೆ, ಪೆಟ್ಟಿಗೆ ಮತ್ತು ಅದರ ತಂತಿ, ಪೋರ್ಟು, ಕಾರಿನ ಒಡಲು. ಯಾವುದೆಂದು ಕಂಡುಕೊಳ್ಳುವುದಕ್ಕೆ ನಮ್ಮ ತಾರ್ಕಿಕರು ಎಂದೋ ದಾರಿ ಹಾಕಿಕೊಟ್ಟಿದ್ದಾರೆ. ಅದಕ್ಕೆ ಅನ್ವಯವ್ಯತಿರೇಕವೆಂದು ಹೆಸರು. ಯಾವುದು ಇದ್ದಾಗ ದೋಷವಿದೆಯೋ, ಯಾವುದು ಇಲ್ಲದಾಗ ದೋಷವಿಲ್ಲವೋ, ಅದೇ ಕಾರಣ. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋಗತಕ್ಕದ್ದು. ನಾಲ್ಕನ್ನೂ ಒಟ್ಟಿಗೆ ಬದಲಿಸಿದವನು ಹಣವನ್ನು ಕಳೆದುಕೊಂಡಾನಲ್ಲದೆ ಕಾರಣವನ್ನು ಕಾಣಲಾರನು.

ನಮ್ಮ ಮಗನು ಹೀಗೆಯೇ ಮಾಡಿದನು. ತರ್ಕಶಾಸ್ತ್ರವನ್ನು ಓದದೆಯೇ ಮಾಡಿದನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದೇ ಕಾರನ್ನೂ ಅದೇ ಪೆಟ್ಟಿಗೆಯನ್ನೂ ಕಲಬುರಗಿಯಲ್ಲಿ ಗೆಳೆಯನ ಮನೆಗೆ ಒಯ್ದನು. ಅಲ್ಲಿ ಹಸುರು ದೀಪ ಹತ್ತಿತು. ಆದುದರಿಂದ ಕಾರು, ಪೋರ್ಟು, ಪೆಟ್ಟಿಗೆ ಮೂರೂ ನಿರ್ದೋಷಿಗಳು. ಆ ಗೆಳೆಯನ ಪೆಟ್ಟಿಗೆಯನ್ನು ನಮ್ಮಲ್ಲಿಗೆ ತಂದು ಹಚ್ಚಿದಾಗ ಅದಕ್ಕೂ ಕೆಂಪು ದೀಪವೇ. ಉಳಿದದ್ದು ನಮ್ಮ ಗೋಡೆಯೊಂದೇ. ಇಷ್ಟನ್ನು ತಿಳಿಯಲು ಆದ ವೆಚ್ಚವೆಂದರೆ ಆಳಂದದಿಂದ ಕಲಬುರಗಿಗೆ ಒಂದು ಸಲ ಹೋಗಿ ಬಂದದ್ದು, ಗೆಳೆಯನ ಮನೆಯಲ್ಲಿ ಎರಡು ಸಲ ಚಹಾ ಕುಡಿದದ್ದು.

ಇನ್ನು ನಮ್ಮ ತಪ್ಪಿನ ವಿಷಯ. ಮಗನು ಕೆಲಸಕ್ಕೆ ಹೋಗಿದ್ದಾಗ ನಾವು ವೈರಿಂಗ್ ಕೆಲಸ ಮಾಡುವ ಹುಡುಗನೊಬ್ಬನನ್ನು ಕರೆಸಿದೆವು. ನಮ್ಮ ಹಳೆಯ ಶಿಷ್ಯನೇ. ಅವನು ಟೆಸ್ಟರನ್ನು ಮೂರು ತೂತುಗಳಲ್ಲಿಯೂ ಇಟ್ಟು ನೋಡಿ, "ಮಾಸ್ತರ್ರೀ, ಕಾರಿಗಿ ಏನೂ ಆಗಿಲ್ರಿ. ನಿಮ್ಮ ಮನ್ಯಾಗ ಅರ್ಥಿಂಗೇ ಇಲ್ರಿ" ಅಂದನು. ಅರ್ಥವೆಂದರೆ ಪದದ ಅರ್ಥ, ಇಲ್ಲವೆ ಹಣ ಎಂದಷ್ಟೇ ತಿಳಿದಿದ್ದ ನಮಗೆ, ಈ ವಯಸ್ಸಿನಲ್ಲಿ ಮನೆಯೇ ನಿರರ್ಥಕವೆಂದು ಶಿಷ್ಯನ ಬಾಯಿಂದ ಕೇಳುವಂತಾಯಿತು. ಮುಂದೆ ಏನು ಮಾಡುವುದೆಂದು ಕೇಳಲು, "ಒಂದ್ ಚೂರು ವೈರ್ ಹಾಕಿ ನ್ಯೂಟ್ರಲ್ಲಿಗಿ ಜೋಡಿಸಿಬಿಡ್ತೀನ್ರಿ. ಎರಡು ನಿಮಿಷದ ಕೆಲಸ. ಎಲ್ಲಾರೂ ಹಂಗೇ ಮಾಡ್ತಾರ್ರಿ" ಎಂದನು. ಮಾರನೆಯ ದಿನ ಬೆಳಗಾಗುವುದರೊಳಗೆ ಅಫಜಲಪುರದ ಮೇಲೆ ಹಾಯ್ದು ಗಾಣಗಾಪುರಕ್ಕೆ ಹೋಗಬೇಕಾಗಿತ್ತು. ನಾವು ಹೂಂ ಎಂದೆವು. ಅವನು ಸಾಕೆಟ್ಟಿನ ಒಳಗಡೆ ನ್ಯೂಟ್ರಲ್ ತೂತಿನಿಂದ ಅರ್ಥಿನ ತೂತಿಗೆ ಗೇಣುದ್ದದ ತಂತಿಯನ್ನು ಬಿಗಿದನು. ಹಸುರು ದೀಪ ಹತ್ತಿತು. ಆ ಹಸುರನ್ನು ಕಂಡು ನಾವು ಹಿಗ್ಗಿದ್ದೂ, ಅವನಿಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟದ್ದೂ ನಿಜ.

ಸಂಜೆಗೆ ಮಗನು ಬಂದು ವಿಷಯವನ್ನು ಕೇಳಿದವನೇ ಒಂದು ಮಾತನ್ನೂ ಆಡದೆ ಮೀಟರ್ ಬೋರ್ಡಿನ ಸ್ವಿಚ್ಚನ್ನು ಕೆಳಗೆ ಎಳೆದನು. ಮನೆಯೆಲ್ಲ ಕತ್ತಲೆಯಾಯಿತು. ನಮಗೆ ಕೋಪ ಬಂದಿತು. ನಮ್ಮೊಡನೆ ಭೌತಶಾಸ್ತ್ರವನ್ನು ಕಲಿಸುತ್ತಿದ್ದ ಮಿತ್ರರನ್ನು ಫೋನಿನಲ್ಲಿ ಕರೆದು ನ್ಯಾಯ ಕೇಳಿದೆವು. ಅವರು ಹೇಳಿದ್ದನ್ನು ವಾಚಕರು ಎರಡು ಸಲ ಓದಬೇಕೆಂದು ಪ್ರಾರ್ಥನೆ.

ನ್ಯೂಟ್ರಲ್ ತಂತಿಯು ವಿದ್ಯುತ್ತು ಕೆಲಸ ಮಾಡಿ ಹಿಂದಿರುಗುವ ದಾರಿ. ಅದು ಸರಿಯಾಗಿರುವತನಕ ಅದರ ಮೇಲೆ ವೋಲ್ಟೇಜು ಬಹಳ ಕಡಮೆ. ಆದರೆ ಕಂಬದಿಂದ ಮನೆಗೆ ಬರುವ ದಾರಿಯಲ್ಲಿ ಆ ಒಂದು ತಂತಿ ಕಡಿದರೆ, ಅಥವಾ ಗಾಳಿಮಳೆಯಲ್ಲಿ ಅದರ ಕೀಲು ಸಡಿಲವಾದರೆ, ಮನೆಯಲ್ಲಿ ಹತ್ತಿರುವ ಬಲ್ಬು ಫ್ಯಾನುಗಳ ಮುಖಾಂತರ ಹಾದುಬಂದ ಫೇಸು ನ್ಯೂಟ್ರಲ್ಲಿನ ಮೇಲೆ ನಿಲ್ಲುತ್ತದೆ. ನ್ಯೂಟ್ರಲ್ಲನ್ನು ಅರ್ಥಿಗೆ ಬಿಗಿದಿದ್ದರೆ ಅದೇ ಫೇಸು ಕಾರಿನ ತಗಡಿನ ಮೈಮೇಲೆಲ್ಲ ಬರುತ್ತದೆ. ಲೈನಿನ ಕೆಲಸವಾದಾಗ ಫೇಸು ನ್ಯೂಟ್ರಲ್ಲುಗಳು ಅದಲುಬದಲಾದರಂತೂ ತಂತಿ ಕಡಿಯಬೇಕಾದುದೂ ಇಲ್ಲ. 230 ವೋಲ್ಟು ನೇರವಾಗಿ ಕಾರಿನ ಮೈಗೆ. ಕಾರು ನಿಂತಿರುವುದು ನಾಲ್ಕು ರಬ್ಬರಿನ ಗಾಲಿಗಳ ಮೇಲೆ. ಆದುದರಿಂದ ಆ ವಿದ್ಯುತ್ತು ನೆಲಕ್ಕೆ ಇಳಿಯದೆ ಕಾದಿರುತ್ತದೆ, ಬರಿಗಾಲಿನಲ್ಲಿ ಬಂದು ಬಾಗಿಲಿನ ಹಿಡಿಕೆಯನ್ನು ಮುಟ್ಟುವವರಿಗಾಗಿ. "ನಿಮ್ಮ ಮೊಮ್ಮಗಳು ದಿನಾಲು ಆ ಕಾರಿಗೆ ನೀರು ಹಾಕಿ ಒರೆಸುತ್ತಾಳೆಂದು ನೀವೇ ಹೇಳಿದ್ದಿರಲ್ಲ" ಎಂದರು ನಮ್ಮ ಮಿತ್ರರು. ನಾವು ಫೋನನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕುಳಿತೆವು. ಗಾಣಗಾಪುರಕ್ಕೆ ಮಾರನೆಯ ದಿನ ಬಸ್ಸಿನಲ್ಲಿ ಹೋದೆವು.

ಹಾಗಾದರೆ ನಮ್ಮ ಮನೆಗೆ ಅರ್ಥಿಂಗು ಎಂದೂ ಇರಲಿಲ್ಲವೆ? ಇತ್ತು. ನಾಲ್ವತ್ತು ವರ್ಷಗಳ ಹಿಂದೆ ಮನೆಗೆ ವಿದ್ಯುತ್ತು ಬಂದಾಗ ಬೋರ್ಡಿನಿಂದ ಒಂದು ತಂತಿಯನ್ನು ಒಯ್ದು ನಲ್ಲಿಯ ಕಬ್ಬಿಣದ ಪೈಪಿಗೆ ಬಿಗಿದಿದ್ದರು. ಪೈಪು ನೆಲದಲ್ಲಿ ಬಹುದೂರ ಹೂತಿದ್ದುದರಿಂದ ಅದು ಒಳ್ಳೆಯ ಭೂಸಂಪರ್ಕವೇ ಆಗಿತ್ತು. ಎಂಟು ವರ್ಷಗಳ ಹಿಂದೆ ಆ ಪೈಪು ತುಕ್ಕು ಹಿಡಿಯಿತೆಂದು ತೆಗೆಯಿಸಿ ಪ್ಲಾಸ್ಟಿಕ್ಕಿನ ಪೈಪನ್ನು ಹಾಕಿಸಿದೆವು. ಗೋಡೆಯ ಬಳಿ ಉಳಿದ ಮೊಳದುದ್ದದ ಕಬ್ಬಿಣದ ತುಂಡಿಗೆ ಆ ತಂತಿ ಇಂದಿಗೂ ಭದ್ರವಾಗಿ ಬಿಗಿದುಕೊಂಡಿದೆ. ತುಂಡು ಮಾತ್ರ ನೆಲವನ್ನು ಮುಟ್ಟುತ್ತಿಲ್ಲ. ಮೀಟರು ಹಿಡಿದು ನೋಡಿದಾಗ ಫೇಸಿಗೂ ನ್ಯೂಟ್ರಲ್ಲಿಗೂ ನಡುವೆ 228 ವೋಲ್ಟು. ಫೇಸಿಗೂ ಅರ್ಥಿಗೂ ನಡುವೆ ಅದೇ ಅಂಕ ಬರಬೇಕಾದಲ್ಲಿ 110ರ ಸುಮಾರು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಎರಡು ಮೂರು ವೋಲ್ಟು ಮೀರಬಾರದಲ್ಲಿ ನೂರಕ್ಕೂ ಮಿಕ್ಕಿ. ಅರ್ಥಿನ ತಂತಿ ಎಲ್ಲಿಯೂ ಸೇರದೆ ತೇಲುತ್ತಿದ್ದ ಲಕ್ಷಣವಿದು.

ಎಂಟು ವರ್ಷ ನಮಗೇಕೆ ತಿಳಿಯಲಿಲ್ಲ? ದೀಪಕ್ಕೂ ಫ್ಯಾನಿಗೂ ರುಬ್ಬುವ ಯಂತ್ರಕ್ಕೂ ಎರಡು ತಂತಿಗಳೇ ಸಾಕು. ಮೂರನೆಯದು ಇದೆಯೇ ಎಂದು ಅವು ಕೇಳುವುದಿಲ್ಲ. ಕೇಳಿದ್ದು ಕಾರು ಮಾತ್ರ. ಆದರೆ ನಮ್ಮ ಸೊಸೆ ಎರಡು ವರ್ಷಗಳಿಂದ, "ಮಾವಾರೇ, ಫ್ರಿಜ್ಜಿನ ಬಾಗಿಲಾ ಮುಟ್ಟಿದ್ರ ಜುಂ ಅಂತದ್ರಿ" ಎಂದು ಹೇಳುತ್ತಲೇ ಇದ್ದಳು. ಚಪ್ಪಲಿ ಮೆಟ್ಟಿಕೊಂಡು ಮುಟ್ಟು ತಾಯಿ ಎಂದು ನಾವು ಉತ್ತರ ಕೊಟ್ಟಿದ್ದೆವು. ಅಡಿಗೆಮನೆಯಲ್ಲಿ ಚಪ್ಪಲಿ ಮೆಟ್ಟುವುದು ಈ ಮನೆಯ ಸಂಪ್ರದಾಯವಲ್ಲವಾದುದರಿಂದ ಅವಳು ಸೆರಗಿನಿಂದ ಹಿಡಿದು ತೆಗೆಯುವುದನ್ನು ರೂಢಿಸಿಕೊಂಡಿದ್ದಳು. ಮನೆಯ ಯಂತ್ರಗಳಿಂದ ಸೋರುವ ಅಲ್ಪಸ್ವಲ್ಪ ವಿದ್ಯುತ್ತು ನೆಲಕ್ಕೆ ಇಳಿಯುವ ದಾರಿ ಕಾಣದೆ ಅವುಗಳ ತಗಡಿನ ಮೈಮೇಲೆ ನಿಂತಿರುತ್ತದೆಂಬುದೂ, ಜುಂ ಎಂದದ್ದು ಅದೇ ಎಂಬುದೂ ನಮಗೆ ಆಗ ತಿಳಿಯಿತು. ಯಂತ್ರದ ಕೆಂಪು ದೀಪಕ್ಕೆ ಒಂದು ವಾರದಲ್ಲಿ ಕೊಟ್ಟ ಗಮನವನ್ನು ನಾವು ಮನೆಯ ಹೆಣ್ಣುಮಗಳ ಮಾತಿಗೆ ಎರಡು ವರ್ಷವಾದರೂ ಕೊಡಲಿಲ್ಲ. ಇದನ್ನು ಬರೆಯುವಾಗ ಈಗಲೂ ಲಜ್ಜೆಯಾಗುತ್ತದೆ.

ಪರವಾನಗಿ ಇರುವ ವೈರ್‌ಮನ್ನರನ್ನು ಕರೆಸಿ ಹಿತ್ತಿಲಲ್ಲಿ ಹೊಸ ಅರ್ಥಿಂಗಿನ ಗುಂಡಿಯನ್ನು ಮಾಡಿಸಿದೆವು. ಸತುವಿನ ಲೇಪವುಳ್ಳ ಕಬ್ಬಿಣದ ಪೈಪನ್ನು ಆಳಕ್ಕೆ ಇಳಿಸಿ ಸುತ್ತಲೂ ಇದ್ದಲು ಉಪ್ಪುಗಳ ಪದರಗಳನ್ನು ತುಂಬುವುದು ರೂಢಿ. ಉಪ್ಪು ತೇವವನ್ನು ಹಿಡಿಯುತ್ತದೆ; ಪೈಪನ್ನು ತಿನ್ನುವುದೂ ಅದೇ. ಆದುದರಿಂದ ಒಮ್ಮೆ ಮಾಡಿಸಿ ಮರೆಯುವ ಕೆಲಸ ಇದಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲೂಕುಗಳವರು ವಿಶೇಷವಾಗಿ ತಿಳಿಯತಕ್ಕದ್ದೇನೆಂದರೆ ನಮ್ಮ ಎರೆಯ ಭೂಮಿಯ ಸ್ವಭಾವ. ಮಳೆಗಾಲದಲ್ಲಿ ಉಬ್ಬಿ ಪೈಪನ್ನು ಅಪ್ಪಿ ಹಿಡಿಯುವ ಇದೇ ಮಣ್ಣು ಬೇಸಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಬಿರುಕು ಬಿಟ್ಟು, ಪೈಪಿನಿಂದ ದೂರ ಸರಿಯುತ್ತದೆ. ಆಷಾಢದಲ್ಲಿ ಸರಿಯಾಗಿದ್ದ ಅರ್ಥಿಂಗು ವೈಶಾಖದಲ್ಲಿ ಹೆಸರಿಗೆ ಮಾತ್ರ ಉಳಿದೀತು. ನಮ್ಮ ಹೊಸ ಗುಂಡಿಯ ತಡೆ ಮಾಡಿಸಿದಾಗ ನಾಲ್ಕು ಓಮಿಗಿಂತ ಕಡಮೆಯಿತ್ತು. ಈ ವರ್ಷ ಚೈತ್ರದ ಕೊನೆಗೆ ಅಳೆಯಿಸಿದಾಗ ಒಂಬತ್ತಕ್ಕೆ ಏರಿತ್ತು. ಎರಡು ದಿನ ನಾಲ್ಕು ನಾಲ್ಕು ಕೊಡ ನೀರು ಹೊಯ್ದ ಮೇಲೆ ಮತ್ತೆ ಐದರ ಒಳಗೆ ಬಂದಿತು. ಈಗ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ ಸಲ್ಲುತ್ತದೆ.

ಪತ್ರ ಬರೆದ ಮಹನೀಯರ ಎರಡನೆಯ ತೊಂದರೆ, ನಡುರಾತ್ರಿಯಲ್ಲಿ ನಿಲ್ಲುವುದು, ಬೇರೆ ಜಾತಿಯದು. ಅದಕ್ಕೆ ನಮ್ಮ ಸಂಶಯ ಸಾಕೆಟ್ಟಿನ ಮೇಲೆ. ಪ್ಲಗ್ಗು ಸಡಿಲವಾಗಿದ್ದಲ್ಲಿ ತಡೆ ಹುಟ್ಟುತ್ತದೆ, ತಡೆಯಿದ್ದಲ್ಲಿ ಶಾಖ. ಆ ಶಾಖವು ಆಂಪಿಯರಿನ ವರ್ಗವನ್ನು ತಡೆಯಿಂದ ಗುಣಿಸಿದಷ್ಟು. ಒಂದು ಓಮಿನ ಹತ್ತನೆಯ ಒಂದು ಪಾಲು ತಡೆಯಿದ್ದರೂ, 15 ಆಂಪಿಯರು ಹರಿಯುವಾಗ 22 ವ್ಯಾಟಿಗೂ ಮಿಕ್ಕು. ರೇಡಿಯೋ ರಿಪೇರಿಯವನ ಬೆಸುಗೆಯ ಕಡ್ಡಿ ಕಾಯುವುದು ಇಷ್ಟರಿಂದಲೇ. ಅಂತಹ ಕಡ್ಡಿಯೊಂದನ್ನು ಗೋಡೆಯ ಪ್ಲಾಸ್ಟಿಕ್ಕಿನೊಳಗೆ ಹತ್ತು ತಾಸು ಇಟ್ಟರೆ ಏನಾದೀತೆಂದು ಊಹಿಸಬಹುದು. ಮಿಕ್ಸರಾದರೆ ಐದು ನಿಮಿಷಕ್ಕೆ ನಿಲ್ಲುತ್ತದೆ. ಕಾರು ರಾತ್ರಿಯಿಡೀ ಎಳೆಯುತ್ತದೆ. ಅನೇಕ ಪೆಟ್ಟಿಗೆಗಳ ಪ್ಲಗ್ಗಿನೊಳಗೆ ಶಾಖವನ್ನು ಅಳೆಯುವ ಸಾಧನವಿದ್ದು, ಮಿತಿ ಮೀರಿದೊಡನೆ ಊಟವನ್ನು ಕಡಮೆ ಮಾಡುತ್ತದೆ, ಇಲ್ಲವೆ ನಿಲ್ಲಿಸುತ್ತದೆ. ಆದುದರಿಂದ ಚಾರ್ಜು ಪ್ರಾರಂಭವಾಗಿ ಒಂದು ತಾಸಾದ ಮೇಲೆ ಸ್ವಿಚ್ಚು ತೆಗೆದು ಪ್ಲಗ್ಗನ್ನು ಹೊರಗೆಳೆದು ಅದರ ಪ್ಲಾಸ್ಟಿಕ್ಕಿನ ಮೈಯನ್ನು ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಿದ್ದರೆ, ಅಥವಾ ಕಡ್ಡಿಗಳ ಬುಡ ಕಂದಾಗಿದ್ದರೆ, ಆ ಸಾಕೆಟ್ಟಿಗೆ ಅಂದೇ ವಿಶ್ರಾಂತಿ. ಕಾರಿಗೆಂದೇ ಮೀಟರ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಒಳ್ಳೆಯ 16 ಆಂಪಿಯರಿನ ಸಾಕೆಟ್ಟು, 30 ಮಿಲಿ ಆಂಪಿಯರು ಸೋರಿದರೆ ಕಡಿದುಹಾಕುವ ಬ್ರೇಕರು, ಇಷ್ಟು ಬೇಕು. ಎಕ್ಸ್‌ಟೆನ್ಶನ್ ಬೋರ್ಡು ಬೇಡವೇ ಬೇಡ. ಸಂಜೆಯ ಹೊತ್ತು ವೋಲ್ಟೇಜು ಇಳಿದರೂ ಪೆಟ್ಟಿಗೆ ನಿಲ್ಲುವುದುಂಟು. ಇನ್ನು, ಕಾರಿನ ಪರದೆಯಲ್ಲಿ ಇಷ್ಟು ಗಂಟೆಗೆ ನಿಲ್ಲಿಸೆಂಬ ವೇಳೆಯನ್ನು ಮನೆಯ ಹುಡುಗರು ಆಟಕ್ಕೆ ಬರೆದಿಟ್ಟಿದ್ದಾರೆಯೇ ಎಂಬುದನ್ನೂ ಒಮ್ಮೆ ನೋಡುವುದೊಳ್ಳೆಯದು.

ಪೋರ್ಟೇ ಕೆಡುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಅಫಜಲಪುರದ ಕಡೆ ಹೊಲಮನೆ ಇರುವ ನಮ್ಮ ಬಾಲ್ಯಸ್ನೇಹಿತರೊಬ್ಬರ ಕಾರು ತೊಗರಿಯ ರಾಶಿಯ ಕಾಲದಲ್ಲಿ ಕಣದ ಮಗ್ಗುಲಲ್ಲಿ ನಿಂತಿತ್ತು. ಪೋರ್ಟಿನ ಮುಚ್ಚಳ ಎರಡು ದಿನ ತೆರೆದೇ ಇತ್ತು. ಹೊಟ್ಟಿನ ನಯವಾದ ಧೂಳು ಆ ಚಿಕ್ಕ ಕಡ್ಡಿಗಳ ಸುತ್ತ ಕುಳಿತು, ಗನ್ನು ಪೂರ್ತಿಯಾಗಿ ಕೂಡಿಲ್ಲವೆಂದು ಕಾರು ಹೇಳತೊಡಗಿತು. ನಮ್ಮ ಸ್ನೇಹಿತರು ಎತ್ತಿನ ಬಂಡಿಯ ಅಚ್ಚಿಗೆ ಎಣ್ಣೆ ಹಾಕಿ ಬೆಳೆದವರು. ಕೊಬ್ಬರಿ ಎಣ್ಣೆಯನ್ನು ಹನಿಸಿದರು. ಧೂಳೂ ಎಣ್ಣೆಯೂ ಕೂಡಿ ಕಾಡಿಗೆಯಾಯಿತು. ಅದನ್ನು ಕಲಬುರಗಿಯ ವರ್ಕ್‌ಶಾಪಿನಲ್ಲಿ ಅರ್ಧ ದಿನ ಕುಳಿತು ತೆಗೆಯಿಸಬೇಕಾಯಿತು. ಗೋಡೆಯ ಸ್ವಿಚ್ಚನ್ನು ತೆಗೆದು, ಗನ್ನನ್ನು ಹೊರಗಿಟ್ಟು, ಒಣಗಿದ ಮೆತ್ತನೆಯ ಬ್ರಷ್ಷಿನಿಂದ ನಿಧಾನವಾಗಿ ಒರೆಸಿ, ಕೈಯಿಂದ ಒತ್ತುವ ರಬ್ಬರಿನ ಗಾಳಿಬುಡ್ಡಿಯಿಂದ ಊದಿದ್ದರೆ ಮುಗಿಯುತ್ತಿತ್ತು. ಬಾಯಿಯಿಂದ ಊದಲಾಗದು, ಉಗುಳಿನ ತೇವವಿರುತ್ತದೆ. ನೀರು, ಎಣ್ಣೆ, ಸೂಜಿ, ಹೇರ್‌ಪಿನ್ನು ಇವು ಅಲ್ಲಿಗೆ ಸುಳಿಯಕೂಡದು. ಮಣ್ಣಿನ ಗೂಡು ಕಟ್ಟುವ ಕಣಜವೂ ಜೇಡವೂ ಇಂತಹ ಪೊಟರೆಗಳನ್ನು ಪ್ರೀತಿಸುವ ಪ್ರಾಣಿಗಳೆಂಬುದನ್ನು ಮರೆಯಬಾರದು. ಕಡ್ಡಿಯು ಬಾಗಿದ್ದರೆ, ಕಪ್ಪಾಗಿದ್ದರೆ, ಸುತ್ತಲಿನ ಪ್ಲಾಸ್ಟಿಕ್ಕು ಕರಗಿದ್ದರೆ ಮಾತ್ರ ಅದು ಮನೆಯವರ ಕೆಲಸವಲ್ಲ. ಆಗ ಪೋರ್ಟನ್ನು ಬದಲಿಸೆಂಬ ಮಾತನ್ನು ಕೇಳತಕ್ಕದ್ದೇ.

ಗನ್ನು ಕಚ್ಚಿಕೊಂಡು ಹೊರಗೆ ಬರದಿರುವುದು ಇನ್ನೊಂದು ಗೋಳು. ಉಣ್ಣುವಾಗ ಯಾರೂ ತಟ್ಟೆಯನ್ನು ಕಸಿಯದಂತೆ ಕಾರು ಒಂದು ಚಿಕ್ಕ ಕೀಲಿನಿಂದ ಅದನ್ನು ಬಂಧಿಸಿರುತ್ತದೆ. ಜಗ್ಗಾಡಿದರೆ ಕೀಲು ಮುರಿದೀತು. ಚಾರ್ಜನ್ನು ನಿಲ್ಲಿಸಿ, ಕೀಲಿಕೈಯಿಂದ ಕಾರಿನ ಬಾಗಿಲುಗಳ ಬೀಗವನ್ನು ತೆರೆಯುತ್ತ, ಗನ್ನನ್ನು ಹೊರಗೆ ಎಳೆಯುವ ಬದಲು ಒಳಕ್ಕೆ ಸ್ವಲ್ಪ ಒತ್ತಿ ಹಿಡಿದರೆ ಕೀಲು ಸಡಿಲಿ ಬಿಡುವುದು ಸಾಮಾನ್ಯ. ಅದೂ ಆಗದಿದ್ದರೆ ಅನೇಕ ಕಾರುಗಳಲ್ಲಿ ಡಿಕ್ಕಿಯೊಳಗೋ ಬಾನೆಟ್ಟಿನ ಕೆಳಗೋ ಇದಕ್ಕೆಂದೇ ಒಂದು ಎಳೆಯುವ ದಾರವಿರುತ್ತದೆ. ಎಲ್ಲಿದೆಯೆಂಬುದನ್ನು ಕಾರಿನೊಡನೆ ಕೊಟ್ಟ ಪುಸ್ತಕದಲ್ಲಿ ನೋಡಿಕೊಳ್ಳಬೇಕು.

ಇನ್ನು ಜೇವರ್ಗಿಯ ಮಹನೀಯರಿಗೆ ನಮ್ಮ ಉತ್ತರ. ಪೋರ್ಟಿಗೆ ಈಗಲೇ ಹಣವನ್ನು ಕೊಡಬೇಡಿರಿ. ನಿಮ್ಮ ಕಾರನ್ನೂ ಪೆಟ್ಟಿಗೆಯನ್ನೂ ಹೊಸದಾಗಿ ಕಟ್ಟಿಸಿದ ಯಾರಾದರೂ ಬಂಧುಗಳ ಮನೆಗೆ ಒಯ್ದು ಒಂದು ರಾತ್ರಿ ಹಚ್ಚಿ ನೋಡಿರಿ. ಅಲ್ಲಿ ಹಸುರು ಹತ್ತಿ ಬೆಳಗಿನವರೆಗೂ ನಿಂತರೆ ದೋಷವು ನಿಮ್ಮ ಗೋಡೆಯಲ್ಲಿದೆ. ಅಲ್ಲಿಯೂ ಕೆಂಪೇ ಆದರೆ ವರ್ಕ್‌ಶಾಪಿನವರಿಂದ ಬೇರೊಂದು ಪೆಟ್ಟಿಗೆಯನ್ನು ಹಚ್ಚಿಸಿ ನೋಡಿದ ಮೇಲೆ ಪೋರ್ಟಿನ ಮಾತು. ಮೊದಲನೆಯ ಪಕ್ಷವೇ ಆದರೆ, ತಿಳಿದ ವೈರ್‌ಮನ್ನರಿಂದ ಫೇಸು, ನ್ಯೂಟ್ರಲ್ಲು, ಅರ್ಥು ಇವುಗಳ ನಡುವಿನ ಮೂರು ಅಂಕಗಳನ್ನು ಮೀಟರಿನಲ್ಲಿ ಅಳೆಯಿಸಿ ನಮಗೆ ಬರೆದು ಕಳುಹಿಸಿರಿ. ನಮ್ಮ ಭೌತಶಾಸ್ತ್ರದ ಮಿತ್ರರಿಗೆ ತೋರಿಸಿ ಉತ್ತರ ಬರೆಯುತ್ತೇವೆ. ಸಾಕೆಟ್ಟಿನೊಳಗೆ ಯಾರಾದರೂ ಈ ಮೊದಲೇ ಗೇಣುದ್ದದ ತಂತಿಯನ್ನು ಬಿಗಿದಿದ್ದಾರೆಯೇ ಎಂಬುದನ್ನು ಅವರಿಂದ ಅಂದೇ ತೆರೆಯಿಸಿ ನೋಡಿಸಿರಿ. ಮದುವೆಯ ಮನೆಯಲ್ಲಿ ಮಕ್ಕಳು ಬಹಳ, ಅಂಗಳದಲ್ಲಿ ನೀರೂ ಬಹಳ.